ಹಿಡಿಯಕ್ಕಿಯ ಲೆಕ್ಕ: ಮೂವತ್ತನಾಲ್ಕು ಮನೆಗಳ ಸಭೆಯಲ್ಲಿ ನನ್ನ ಅನುಭವ

ಉಡುಪಿ ಜಿಲ್ಲೆಯ ಒಂದು ಹಳ್ಳಿಯ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ ಎಂಬ ಪ್ರೊಟೆಸ್ಟಂಟ್ ಕ್ರೈಸ್ತ ಪಂಗಡ) ಸಭೆಯಲ್ಲಿ ನಾನು ಹನ್ನೆರಡು ವರ್ಷ ಕಾರ್ಯದರ್ಶಿಯಾಗಿದ್ದೆ. ನಾನು ಕೆಲಸ ವಹಿಸಿಕೊಂಡಾಗ ನಮ್ಮಲ್ಲಿದ್ದದ್ದು 34 ಮನೆಗಳು. ನಮ್ಮ ಅಯ್ಯನವರಿಗೆ, ಅಂದರೆ ಸಭಾಪಾಲಕರಿಗೆ, ಇನ್ನೆರಡು ಸಭೆಗಳ ಹೊಣೆಯೂ ಇದ್ದುದರಿಂದ ಅವರು ತಿಂಗಳಿಗೆ ಎರಡು ಭಾನುವಾರ ಮಾತ್ರ ನಮ್ಮಲ್ಲಿಗೆ ಬರುತ್ತಿದ್ದರು. ಉಳಿದ ಭಾನುವಾರಗಳಲ್ಲಿ ಹಿರಿಯರಲ್ಲೊಬ್ಬರು ಆರಾಧನೆ ನಡೆಸಿ, ಬರೆದು ತಂದ ಪ್ರಸಂಗವನ್ನು ಓದುತ್ತಿದ್ದರು. ಲೆಕ್ಕಪತ್ರ ಸರಿಯಾಗಿತ್ತು, ಚಂದಾ ಬರುತ್ತಿತ್ತು, ಗಂಟೆ ಹೊತ್ತಿಗೆ ಸರಿಯಾಗಿ ಬಾರಿಸುತ್ತಿತ್ತು. ಸಭೆ ಚೆನ್ನಾಗಿಯೇ ನಡೆಯುತ್ತಿದೆ ಎಂದು ನಾನು ನಂಬಿದ್ದೆ.

ಆ ನಂಬಿಕೆಯನ್ನು ಮುರಿದವರು ನಮ್ಮ ಮನೆಗೆ ಮೀನು ತರುತ್ತಿದ್ದ ಹೆಂಗಸು. ಒಂದು ದಿನ ಬುಟ್ಟಿ ಇಳಿಸುತ್ತಾ ಆಕೆ, "ಗುಡ್ಡೆಯ ಮೇಲಿನ ನಿಮ್ಮ ಬಾಯಮ್ಮ ಮೀನು ಕೊಳ್ಳದೆ ಒಂದೂವರೆ ತಿಂಗಳಾಯಿತಲ್ಲ, ಹಾಸಿಗೆ ಬಿಟ್ಟು ಏಳುವುದಕ್ಕಾಗುತ್ತಿಲ್ಲವಂತೆ, ನಿಮಗೆ ಗೊತ್ತಿಲ್ಲವೇ?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಆ ಅಜ್ಜಿ ಆರು ಭಾನುವಾರ ಆರಾಧನೆಗೆ ಬಂದಿರಲಿಲ್ಲ ಎಂಬುದೂ ನನ್ನ ಗಮನಕ್ಕೆ ಬಂದಿರಲಿಲ್ಲ, ಏಕೆಂದರೆ ಅವರ ತಿಂಗಳ ಚಂದಾವನ್ನು ಮುಂಬೈಯಲ್ಲಿರುವ ಮಗ ಬ್ಯಾಂಕಿಗೆ ಕಳುಹಿಸುತ್ತಿದ್ದ, ನನ್ನ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಬಾಕಿ ಇರಲಿಲ್ಲ. ಕಾರ್ಯದರ್ಶಿಯ ಪುಸ್ತಕಕ್ಕಿಂತ ಮೀನಿನ ಬುಟ್ಟಿಗೆ ಸಭೆಯ ಸಂಗತಿ ಹೆಚ್ಚು ತಿಳಿದಿತ್ತು.

ನಮ್ಮಂಥ ಸಭೆಗಳ ಹುಟ್ಟನ್ನು ನೆನೆದರೆ ಇದು ವಿಚಿತ್ರವೆನಿಸುತ್ತದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯ ಮೊದಲ ಮೂವರು ಮಿಶನರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಅನಂತರದ ವರ್ಷಗಳಲ್ಲಿ ದೀಕ್ಷಾಸ್ನಾನ ಹೊಂದಿದವರಲ್ಲಿ ಬಹಳ ಮಂದಿ ಮನೆ, ಜಾತಿ, ಗೇಣಿಯ ಗದ್ದೆ, ಕುಲಕಸುಬು ಎಲ್ಲವನ್ನೂ ಒಂದೇ ದಿನದಲ್ಲಿ ಕಳೆದುಕೊಂಡರು. ಅವರ ಹೊಟ್ಟೆಪಾಡಿಗಾಗಿ ಮೊದಲು ನೇಯ್ಗೆ, ಅಚ್ಚುಕೂಟಗಳು ಬಂದವು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭವಾಯಿತು, ಮುಂದೆ ಮಲ್ಪೆಯಲ್ಲಿಯೂ ಒಂದು ಎದ್ದಿತು. ಪಕ್ಕದಲ್ಲಿ ನಿಂತು ಮಣ್ಣು ತುಳಿದವರೇ ಭಾನುವಾರ ಪಕ್ಕದ ಬೆಂಚಿನಲ್ಲಿ ಕುಳಿತುಕೊಳ್ಳುತ್ತಿದ್ದರು. ಒಬ್ಬನಿಗೆ ಜ್ವರ ಬಂದರೆ ಸೋಮವಾರ ಬೆಳಿಗ್ಗೆ ಕೆಲಸದ ಸಾಲಿನಲ್ಲಿ ಜಾಗ ಖಾಲಿ ಕಾಣುತ್ತಿತ್ತು. ಮೊದಲನೆಯ ಮಹಾಯುದ್ಧದ ತರುವಾಯ ಆ ಉದ್ಯಮಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪನಿಯ ಕೈಗೆ ಹೋದವು, ಕಾಲಕ್ರಮದಲ್ಲಿ ಹಂಚಿನ ಬೇಡಿಕೆಯೂ ಇಳಿಯಿತು, ಮಕ್ಕಳು ಮುಂಬೈ, ಬೆಂಗಳೂರು, ಕೊಲ್ಲಿ ದೇಶಗಳ ದಾರಿ ಹಿಡಿದರು. ನನ್ನ ತಲೆಮಾರಿಗೆ ಉಳಿದದ್ದು ಬೆಂಚು ಮಾತ್ರ. ಒಟ್ಟಿಗೆ ಮಾಡುವ ಕೆಲಸವೊಂದು ಇಲ್ಲದಿದ್ದರೆ ಒಟ್ಟಿಗೆ ಹಾಡುವುದರಿಂದ ಮಾತ್ರ ಸಭೆ ಸಭೆಯಾಗಿ ಉಳಿಯುವುದಿಲ್ಲ ಎಂಬ ನನ್ನ ಅಭಿಪ್ರಾಯಕ್ಕೆ ಬೇರು ಇಲ್ಲಿದೆ. ಇದನ್ನು ಒಪ್ಪದ ಹಿರಿಯರು ನಮ್ಮಲ್ಲಿ ಈಗಲೂ ಇದ್ದಾರೆ.

ಮೊದಲ ವರ್ಷ ನಾವು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಸಭೆ ಸೇರಿ ಗುರಿಯೊಂದನ್ನು ನಿರ್ಣಯಿಸಿ, ಅದಕ್ಕೊಂದು ವಾಕ್ಯ ಆರಿಸಿ, ಬಟ್ಟೆಯ ಮೇಲೆ ಬರೆಯಿಸಿ ಪ್ರಸಂಗಪೀಠದ ಪಕ್ಕದಲ್ಲಿ ತೂಗುಹಾಕಿದೆವು. ಮಳೆಗಾಲದಲ್ಲಿ ಅದಕ್ಕೆ ಬೂಷ್ಟು ಬಂತು, ತೆಗೆದೆವು. ಅದರ ಬಗ್ಗೆ ಹೇಳುವುದು ಇಷ್ಟೇ.

ಹಿಡಿಯಕ್ಕಿಯ ಮಾತೆತ್ತಿದವರು ಸ್ತ್ರೀಸಂಘದ ಹಿರಿಯ ಅಕ್ಕ ಒಬ್ಬರು. ಅನ್ನಕ್ಕೆ ಅಕ್ಕಿ ಅಳೆಯುವಾಗಲೆಲ್ಲ ಒಂದು ಹಿಡಿಯನ್ನು ಬೇರೆ ಡಬ್ಬಿಗೆ ಹಾಕಿ ದೇವರ ಕೆಲಸಕ್ಕೆಂದು ಕೂಡಿಡುವ ಪದ್ಧತಿ ಅವರ ತಾಯಿಯ ಕಾಲದಲ್ಲಿ ನಮ್ಮಲ್ಲಿಯೇ ಇತ್ತಂತೆ. ಮಿಜೋರಾಮಿನ ಸಭೆಗಳಲ್ಲಿ 1910ರಿಂದ ಇದೇ ಪದ್ಧತಿ ನಡೆದುಬಂದಿದೆ, ಅಲ್ಲಿ ಅದರಿಂದಲೇ ಸುವಾರ್ತಾ ಸೇವೆಯ ದೊಡ್ಡ ಪಾಲು ನಡೆಯುತ್ತದೆ ಎಂಬುದನ್ನು ನಾನು ಓದಿದ್ದೆ. ಆದರೆ ಓದಿದ್ದಕ್ಕೂ ನಮ್ಮ ಅಡುಗೆಮನೆಗಳಿಗೂ ಇದ್ದ ದೂರ ಆರಂಭಿಸಿದ ಮೇಲೆ ತಿಳಿಯಿತು.

ಲೆಕ್ಕ ಸುಲಭವಾಗಿ ಕಂಡಿತ್ತು. ಹೆಂಗಸರ ಕೈಯ ಒಂದು ಹಿಡಿ ಸುಮಾರು 50 ಗ್ರಾಮು. ದಿನಕ್ಕೆ ಎರಡು ಹೊತ್ತು ಅನ್ನವಿಡುವ ಮನೆಯಿಂದ ತಿಂಗಳಿಗೆ 3 ಕಿಲೊ. 34 ಮನೆಗಳಿಂದ 100 ಕಿಲೊಗೆ ಸ್ವಲ್ಪ ಹೆಚ್ಚು. ಮೊದಲ ತಿಂಗಳು 19 ಮನೆಗಳಿಂದ 31 ಕಿಲೊ ಬಂತು. ಅದೂ ಬೆರಕೆ. ನಮ್ಮ ಕರಾವಳಿಯಲ್ಲಿ ಊಟಕ್ಕೆ ಕುಚ್ಚಲಕ್ಕಿ, ದೋಸೆ ಮತ್ತು ಹಬ್ಬದ ಅಡುಗೆಗೆ ಬೆಳ್ತಿಗೆ, ಅಂದರೆ ಬಿಳಿ ಅಕ್ಕಿ. ಬೆಂಗಳೂರಿನಿಂದ ಬಂದ ಸೊಸೆಯಂದಿರಿರುವ ಮನೆಗಳಲ್ಲಿ ದಿನವೂ ಬೆಳ್ತಿಗೆಯೇ. ಎಲ್ಲವನ್ನೂ ಒಂದೇ ಚೀಲಕ್ಕೆ ಸುರಿದ ಮೇಲೆ ಯಾರಿಗೋ ಹೊಳೆಯಿತು: ಕುಚ್ಚಲಕ್ಕಿ ಬೇಯುವ ಹೊತ್ತಿಗೆ ಬೆಳ್ತಿಗೆ ಗಂಜಿಯಾಗಿರುತ್ತದೆ. ಮರುತಿಂಗಳಿನಿಂದ ಸಭಾಮಂದಿರದ ಜಗಲಿಯಲ್ಲಿ ಎರಡು ಡ್ರಮ್ ಇಟ್ಟೆವು.

ಅದಕ್ಕಿಂತ ದೊಡ್ಡ ತಪ್ಪು ಬೇರೆಯದು, ಮತ್ತು ಅದು ನನ್ನದೇ. ಅಕ್ಕಿಯನ್ನು ಅಂಗಡಿಗೆ ಮಾರಿ ಹಣವನ್ನು ಬಡವರ ನಿಧಿಗೆ ಸೇರಿಸಿದೆ. ರಸೀದಿ ಬರೆಯಲು ಅದೇ ಅನುಕೂಲವಾಗಿತ್ತು. ಮೂರು ತಿಂಗಳಲ್ಲಿ ಕೊಡುವ ಮನೆಗಳು 19ರಿಂದ 11ಕ್ಕೆ ಇಳಿದವು. ಆ ಅಕ್ಕನೇ ಕಾರಣ ತಿಳಿಸಿದರು: "ಮಾಸ್ತರರೇ, ನೀವು ಅಕ್ಕಿಯನ್ನು ಹಣ ಮಾಡಿದಿರಿ. ಹಣ ಕೊಡುವುದು ಗಂಡಸರ ಕೆಲಸ, ಅವರು ಆಗಲೇ ಕೊಡುತ್ತಿದ್ದಾರೆ. ನಾವೇಕೆ ಎರಡು ಸಲ ಕೊಡಬೇಕು?" ಅಕ್ಕಿ ಅಕ್ಕಿಯಾಗಿಯೇ ಇನ್ನೊಬ್ಬರ ಒಲೆಯನ್ನು ಸೇರಬೇಕು, ಅದು ಯಾವ ಒಲೆಯೆಂದು ಕೊಟ್ಟವರು ನೋಡುವಂತಿರಬೇಕು ಎಂಬುದು ಅವರ ವಾದ. ನಿಧಿ ಎಂಬುದು ನಮ್ಮ ಮತ್ತು ನಮ್ಮ ನೆರೆಯವರ ನಡುವೆ ನಿಂತುಕೊಳ್ಳುವ ಗೋಡೆಯೂ ಆಗಬಲ್ಲದೆಂದು ನನಗೆ ಆಗ ಅರ್ಥವಾಯಿತು.

ಹೊಸದಾಗಿ ಮಾಡಿಕೊಂಡ ಏರ್ಪಾಡು ಹೀಗಿತ್ತು. ಎರಡನೆಯ ಭಾನುವಾರ ಕಾಣಿಕೆಯ ಹೊತ್ತಿನಲ್ಲಿ ಅಕ್ಕಿಯ ಡಬ್ಬಿಗಳನ್ನೂ ಮುಂದಕ್ಕೆ ತರುವುದು. ಆರಾಧನೆಯ ನಂತರ ಅಲ್ಲಿಯೇ ಅಳೆದು ಬರೆಯುವುದು. ಒಂದು ಪಾಲನ್ನು ತಿಂಗಳ ಕೊನೆಯ ಭಾನುವಾರದ ಸಹಭೋಜನಕ್ಕೆ ತೆಗೆದಿಟ್ಟು ಉಳಿದದ್ದನ್ನು ಅಗತ್ಯವಿರುವ ಮನೆಗಳಿಗೆ ಮುಟ್ಟಿಸುವುದು. ಮುಟ್ಟಿಸುವ ಕೆಲಸ ಸಮಿತಿಯವರದಲ್ಲ. ಇಬ್ಬಿಬ್ಬರ ಜೋಡಿ, ಅವರ ಜೊತೆಗೆ ಇಪ್ಪತ್ತು ವರ್ಷದ ಒಳಗಿನವರೊಬ್ಬರು. ಜೋಡಿಗಳನ್ನು ಚೀಟಿ ಎತ್ತಿ ನಿರ್ಧರಿಸುತ್ತಿದ್ದೆವು, ಆದ್ದರಿಂದ ಎಷ್ಟೋ ವರ್ಷಗಳಿಂದ ಗದ್ದೆಯ ಬದುವಿನ ವಿಚಾರದಲ್ಲಿ ಮಾತುಬಿಟ್ಟ ಎರಡು ಮನೆಗಳವರು ಒಂದೇ ಚೀಲವನ್ನು ಹಿಡಿದು ಗುಡ್ಡೆ ಹತ್ತಬೇಕಾದ ಸಂದರ್ಭವೂ ಬಂತು. ಅವರು ದಾರಿಯಲ್ಲಿ ಮಾತಾಡಿದರೇ ಎಂದು ಜೊತೆಗಿದ್ದ ಹುಡುಗನನ್ನು ಕೇಳಿದೆ. "ಅಕ್ಕಿ ಭಾರವಾಗಿದೆ ಎಂದು ಇಬ್ಬರೂ ನನ್ನ ಹತ್ತಿರ ಹೇಳಿದರು" ಎಂದ.

ಇದೆಲ್ಲಕ್ಕಿಂತ ಮುಖ್ಯವಾದ ನಿಯಮವನ್ನು ನಾವು ಯೋಚಿಸಿ ಮಾಡಿದ್ದಲ್ಲ. ಅಕ್ಕಿ ಪಡೆಯುತ್ತಿದ್ದ ಒಬ್ಬ ವಿಧವೆ ಎರಡನೆಯ ಭಾನುವಾರ ತಮ್ಮ ಡಬ್ಬಿಯನ್ನೂ ತಂದು ಮುಂದಿಟ್ಟರು. ಖಜಾಂಚಿಯವರು ಕನಿಕರದಿಂದಲೇ, "ನೀವು ಕೊಡಬೇಕಾಗಿಲ್ಲಮ್ಮ" ಎಂದರು. ಆಕೆ ಡಬ್ಬಿಯನ್ನು ಹಿಂದಕ್ಕೆ ತೆಗೆದುಕೊಳ್ಳದೆ, "ಹಾಗಾದರೆ ನನ್ನ ಮನೆಗೂ ತರಬೇಕಾಗಿಲ್ಲ" ಎಂದುಬಿಟ್ಟರು. ಆ ದಿನ ಸಮಿತಿಯಲ್ಲಿ ಬಹಳ ಹೊತ್ತು ಚರ್ಚೆಯಾಯಿತು. ಕೊಟ್ಟ ಅಕ್ಕಿಯನ್ನೇ ಹಿಡಿಹಿಡಿಯಾಗಿ ಹಿಂದಕ್ಕೆ ಪಡೆಯುವುದು ಯಾವ ಲೆಕ್ಕ ಎಂಬ ಪ್ರಶ್ನೆಗೆ ಲೆಕ್ಕದ ಭಾಷೆಯಲ್ಲಿ ಉತ್ತರವಿರಲಿಲ್ಲ. ಗಲಾತ್ಯದವರಿಗೆ ಬರೆದ ಪತ್ರದ ಆರನೆಯ ಅಧ್ಯಾಯದಲ್ಲಿ ಒಬ್ಬರ ಭಾರವನ್ನು ಇನ್ನೊಬ್ಬರು ಹೊರಬೇಕೆಂದು ಹೇಳಿದ ಅಪೊಸ್ತಲನೇ ಮೂರು ವಚನಗಳ ಮುಂದೆ ಪ್ರತಿಯೊಬ್ಬನೂ ತನ್ನ ಹೊರೆಯನ್ನು ಹೊರಬೇಕೆನ್ನುತ್ತಾನೆ; ಈ ಎರಡು ಮಾತು ಹೇಗೆ ಹೊಂದುತ್ತವೆಂದು ಭಾನುವಾರದ ಶಾಲೆಯಲ್ಲಿ ಮಕ್ಕಳು ಕೇಳಿದಾಗ ನಾನು ಎಂದೂ ಸರಿಯಾಗಿ ವಿವರಿಸಿರಲಿಲ್ಲ. ಅಂದಿನಿಂದ, ಪಡೆಯುವ ಮನೆಯವರೂ ಡಬ್ಬಿ ಇಡಬೇಕೆಂಬುದು ನಮ್ಮ ನಿಯಮವಾಯಿತು. ಇದರಿಂದ ಇನ್ನೊಂದು ಪ್ರಯೋಜನವೂ ಆಯಿತು: ಮುಂದೆ ಸಾಲಾಗಿಟ್ಟ ಡಬ್ಬಿಗಳನ್ನು ನೋಡಿ ಯಾರು ಕೊಡುವವರು, ಯಾರು ಪಡೆಯುವವರು ಎಂದು ಹೇಳುವಂತಿರಲಿಲ್ಲ.

ಜಗಳಗಳೂ ಆದವು. ಒಮ್ಮೆ ಪುಸ್ತಕದಲ್ಲಿದ್ದದ್ದಕ್ಕಿಂತ ಡ್ರಮ್ಮಿನಲ್ಲಿ 4 ಕಿಲೊ ಕಡಿಮೆ ಇತ್ತು, ಅದಕ್ಕೆ ಇಲಿಯೇ ಕಾರಣವೆಂದು ಕೆಲವರೂ, ಇಲಿಗೆ ಎರಡು ಕಾಲು ಇರಬಹುದೆಂದು ಕೆಲವರೂ ಹೇಳಿದರು. ಯೆರೂಸಲೇಮಿನ ಮೊದಲ ಸಭೆಯಲ್ಲಿಯೂ ದಿನದಿನದ ಉಪಚಾರದಲ್ಲಿ ತಮ್ಮ ವಿಧವೆಯರನ್ನು ಬಿಟ್ಟುಬಿಡುತ್ತಾರೆಂಬ ಗುಣುಗುಟ್ಟುವಿಕೆ ಎದ್ದದ್ದರಿಂದಲೇ ಏಳು ಮಂದಿಯನ್ನು ಆರಿಸಬೇಕಾಯಿತು ಎಂಬುದನ್ನು ಅಯ್ಯನವರು ನೆನಪಿಸಿ, ನಮ್ಮಲ್ಲಿಯೂ ಸಮಿತಿಗೆ ಸೇರದ ಮೂವರನ್ನು ಅಳತೆಗೆ ನೇಮಿಸಲು ಹೇಳಿದರು. ಆ ಮೂವರಲ್ಲಿ ಹೆಚ್ಚು ಗುಣುಗುಟ್ಟಿದವರೇ ಇಬ್ಬರು. ಪ್ರತಿ ತಿಂಗಳ ಲೆಕ್ಕವನ್ನು ಬಾಗಿಲಿಗೆ ಅಂಟಿಸಲು ಆರಂಭಿಸಿದ ಮೇಲೆ ಇಲಿಯ ಮಾತು ನಿಂತಿತು.

ಎರಡನೆಯ ಕೆಲಸ ಮನೆಕೂಟಗಳದ್ದು. 34 ಮನೆಗಳನ್ನು ನಾಲ್ಕು ಗುಂಪು ಮಾಡಿದಾಗ ಸಂಬಂಧ, ಸ್ನೇಹ ನೋಡದೆ ನಡೆದು ಹೋಗಬಹುದಾದ ದಾರಿಯನ್ನೇ ನೋಡಿದೆವು. ಬುಧವಾರ ಸಂಜೆ ಒಂದು ಗಂಟೆಯ ಹೊತ್ತು ಪ್ರಾರ್ಥನೆ. ತಿಂಡಿ ಇಲ್ಲ, ಬರೀ ಚಹಾ. ಈ ಕೊನೆಯ ನಿಯಮವನ್ನು ಹಗುರವಾಗಿ ನೋಡಬಾರದು: ಒಬ್ಬರು ಕೇಕು ಮಾಡಿದರೆ ಇನ್ನೊಬ್ಬರು ಕೋಳಿಸಾರು ಮಾಡುತ್ತಾರೆ, ಮೂರನೆಯ ಮನೆಯವರು ತಮ್ಮ ಸರದಿ ಬಂದಾಗ ನೆಂಟರ ಮನೆಗೆ ಹೋಗಿಬಿಡುತ್ತಾರೆ.

ಅಲ್ಲಿ ನಾನು ನಿರೀಕ್ಷಿಸದ ಒಂದು ಸಂಗತಿ ನಡೆಯಿತು. ನಮ್ಮ ಆರಾಧನೆ ಕನ್ನಡದಲ್ಲಿ, ಮನೆಮಾತು ತುಳು. 1847ರಷ್ಟು ಹಿಂದೆಯೇ ತುಳುವಿನಲ್ಲಿ ಹೊಸ ಒಡಂಬಡಿಕೆ ಅಚ್ಚಾಗಿದ್ದರೂ ನಮ್ಮ ಸಭೆಯಲ್ಲಿ ದೇವರೊಡನೆ ಮಾತಾಡುವ ಭಾಷೆ ಗ್ರಾಂಥಿಕ ಕನ್ನಡವೇ ಎಂಬ ರೂಢಿ ಗಟ್ಟಿಯಾಗಿತ್ತು. ನಾಲ್ಕು ದಶಕ ಬೆಂಚಿನಲ್ಲಿ ಕುಳಿತು ಒಂದು ಸಲವೂ ಬಾಯಿಬಿಟ್ಟು ಪ್ರಾರ್ಥಿಸದ ಹೆಂಗಸರು, ತಮ್ಮದೇ ಚಾವಡಿಯಲ್ಲಿ ಕುಳಿತಾಗ ತುಳುವಿನಲ್ಲಿ ಹಸುವಿನ ಕಾಯಿಲೆ, ಮಗಳ ಹೆರಿಗೆ, ಗಂಡನ ಕುಡಿತ ಎಲ್ಲವನ್ನೂ ದೇವರ ಮುಂದೆ ಇಟ್ಟರು. ನಾವೂ ಕೇಳಿಸಿಕೊಂಡೆವು. ಮನೆಕೂಟದಲ್ಲಿ ಕೇಳಿದ್ದನ್ನು ಬಸ್‌ಸ್ಟ್ಯಾಂಡಿನಲ್ಲಿ ಹೇಳಬಾರದು ಎಂಬ ಎಚ್ಚರಿಕೆಯನ್ನು ಅಯ್ಯನವರು ಎರಡು ಸಲ ಕೊಡಬೇಕಾಯಿತು. ಗುಡ್ಡೆಯ ಮೇಲಿನ ಅಜ್ಜಿಯ ಮನೆಯೂ ಒಂದು ಗುಂಪಿಗೆ ಸೇರಿತ್ತು. ಕೊನೆಯ ಎರಡು ವರ್ಷ ಅವರು ಹಾಸಿಗೆಯಲ್ಲಿದ್ದರೂ ಒಂದು ವಾರವೂ ಯಾರೂ ಹೋಗದೆ ಉಳಿದದ್ದಿಲ್ಲ.

ಬೆಳೆ ಹಬ್ಬದ ಏಲಮ್ಮಿನಲ್ಲಿ ಮಾತ್ರ ನಾನು ಸೋತೆ. ಜನರು ತಂದೊಪ್ಪಿಸಿದ ತೆಂಗಿನಕಾಯಿ, ಬಾಳೆಗೊನೆ, ಕುಂಬಳಕಾಯಿ, ಕೋಳಿಗಳನ್ನು ಆರಾಧನೆಯ ನಂತರ ಅಂಗಳದಲ್ಲಿ ಏಲಂ ಹಾಕುವುದು ನಮ್ಮಲ್ಲಿ ವರ್ಷದ ಸಂಭ್ರಮ. ಆದರೆ ಒಂದು ತೆಂಗಿನಕಾಯಿಗೆ ಸಾವಿರಾರು ರೂಪಾಯಿ ಕೂಗುವ ಇಬ್ಬರು ಮೂವರ ನಡುವೆ ಉಳಿದವರು ಪ್ರೇಕ್ಷಕರಾಗುತ್ತಿದ್ದರು. ಸಣ್ಣ ವಸ್ತುಗಳನ್ನು ನಿಗದಿತ ಬೆಲೆಗೆ ಮಾರೋಣವೆಂದು ನಾನು ಒಂದು ವರ್ಷ ಮಾಡಿ ನೋಡಿದೆ. ಹಣ ಅರ್ಧಕ್ಕೆ ಇಳಿಯಿತು, ನಗುವೂ ಇಳಿಯಿತು. ಏಲಮ್ಮಿನಲ್ಲಿ ಸೋತವರೇ ಅದು ಬೇಕೆಂದು ಕೇಳಿದರು! ಮರುವರ್ಷ ಹಳೆಯ ಕ್ರಮವೇ ಬಂತು. ಆ ವಿಷಯದಲ್ಲಿ ನನ್ನ ಮನಸ್ಸು ಇನ್ನೂ ಒಪ್ಪಿಲ್ಲ.

2020ರ ಮಾರ್ಚ್ 25ರಿಂದ ದೇಶವೆಲ್ಲ ಮುಚ್ಚಿದಾಗ ಮಂದಿರದ ಬಾಗಿಲಿಗೂ ಬೀಗ ಬಿತ್ತು. ಆರಾಧನೆ ಫೋನಿನ ಪರದೆಗೆ ಹೋಯಿತು, ಸಹಭೋಜನ ನಿಂತಿತು. ಅಕ್ಕಿ ನಿಲ್ಲಲಿಲ್ಲ. ದಾರಿಯನ್ನು ನೋಡಿ ಮಾಡಿದ ಗುಂಪುಗಳು ಆಗ ಉಪಯೋಗಕ್ಕೆ ಬಂದವು: ಗೇಟಿನ ಮೇಲೆ ತೂಗುಹಾಕಿದ ಚೀಲವನ್ನು ಮುಂದಿನ ಮನೆಯವರು ತೆಗೆದುಕೊಂಡು ತಮ್ಮದನ್ನೂ ಸೇರಿಸಿ ಅದರ ಮುಂದಿನ ಗೇಟಿಗೆ ತೂಗುಹಾಕುತ್ತಿದ್ದರು. ಊರಿಗೆ ಹೋಗಲಾಗದೆ ಕಟ್ಟಡವೊಂದರಲ್ಲಿ ಸಿಕ್ಕಿಹಾಕಿಕೊಂಡಿದ್ದ ಬೇರೆ ಜಿಲ್ಲೆಯ ಕೂಲಿಕಾರರಿಗೂ ಅದೇ ಚೀಲ ಮುಟ್ಟಿತು. ಅಕ್ಕಿ ಸಭೆಯ ಹೊರಗಿನವರಿಗೆ ಹೋಗಬಹುದೇ ಎಂದು ಅದಕ್ಕೂ ಹಿಂದೆ ಎರಡು ಸಮಿತಿಗಳಲ್ಲಿ ಚರ್ಚಿಸಿ ತೀರ್ಮಾನಕ್ಕೆ ಬಾರದೆ ಬಿಟ್ಟಿದ್ದೆವು. ಆ ಏಪ್ರಿಲಿನಲ್ಲಿ ಯಾರೂ ಸಮಿತಿಯನ್ನು ಕೇಳಲಿಲ್ಲ. ಕೂಲಿಕಾರರು ಉತ್ತರ ಕರ್ನಾಟಕದವರು, ಕುಚ್ಚಲಕ್ಕಿ ಅವರಿಗೆ ಸೇರದು, ಆದ್ದರಿಂದ ಬೆಳ್ತಿಗೆಯ ಡ್ರಮ್ ಅವರಿಗೆ ಹೋಯಿತು.

ಈಗ ಕಾರ್ಯದರ್ಶಿಯ ಕೆಲಸವನ್ನು ಶಾಲಾ ಶಿಕ್ಷಕಿಯಾಗಿರುವ ಸಹೋದರಿಯೊಬ್ಬರು ನೋಡಿಕೊಳ್ಳುತ್ತಿದ್ದಾರೆ. ಮನೆಗಳು 31 ಆಗಿವೆ. ದುಬೈಯಲ್ಲಿರುವ ಒಬ್ಬ ಯುವಕ, ತಾಯಿಗೆ ಡಬ್ಬಿ ಹೊರುವ ಕಷ್ಟ ಬೇಡ, ತಿಂಗಳಿಗೆ 25 ಕಿಲೊ ಅಕ್ಕಿಯ ಹಣ ಕಳುಹಿಸುತ್ತೇನೆಂದು ಬರೆದ. ಹಣವನ್ನು ಮಂದಿರದ ಮಾಡಿನ ದುರಸ್ತಿಗೆ ಸಂತೋಷದಿಂದ ತೆಗೆದುಕೊಂಡು, ತಾಯಿಯ ಹಿಡಿಯನ್ನು ತಾಯಿಯೇ ಹಾಕಲಿ ಎಂದು ಆ ಸಹೋದರಿ ಉತ್ತರಿಸಿದರು. ಡಬ್ಬಿಯನ್ನು ಪಕ್ಕದ ಮನೆಯ ಹುಡುಗಿ ಹೊತ್ತು ತರುತ್ತಾಳೆ.

ಕಳೆದ ವರ್ಷ ಇನ್ನೊಂದು ಪ್ರಶ್ನೆ ಬಂತು. ಸಕ್ಕರೆ ಕಾಯಿಲೆಯ ಕಾರಣ ವೈದ್ಯರು ಅನ್ನ ಬಿಡಿಸಿದ ಮನೆಗಳು ಐದಾರು ಆಗಿವೆ. ಅಲ್ಲಿ ರಾತ್ರಿಗೆ ಚಪಾತಿ. ಅಳೆಯುವ ಅಕ್ಕಿಯೇ ಇಲ್ಲದಿದ್ದರೆ ಹಿಡಿ ಎಲ್ಲಿಂದ ಬರಬೇಕು? ಗೋಧಿಹಿಟ್ಟಿಗೆ ಹುಳು ಬೀಳುತ್ತದೆ ಎಂದು ಅಳತೆಯ ಮೂವರು ಒಪ್ಪಲಿಲ್ಲ. ಕೊನೆಗೆ ಆ ಮನೆಗಳವರು ಹೆಸರುಬೇಳೆ ಹಾಕಬಹುದೆಂದು ತೀರ್ಮಾನವಾಯಿತು. ಜಗಲಿಯಲ್ಲಿ ಈಗ ಮೂರನೆಯ ಸಣ್ಣ ಡ್ರಮ್ ಬಂದಿದೆ, ಕೊನೆಯ ಭಾನುವಾರದ ಊಟದಲ್ಲಿ ಪಾಯಸ ಸೇರಿದೆ. ಬೇಳೆ ಕೊಟ್ಟವರು ಅದನ್ನು ಕುಡಿಯುವಂತಿಲ್ಲ, ಆದರೂ ಅರ್ಧ ಲೋಟ ಕೇಳುತ್ತಾರೆ.