ಔಷಧಿ ಹೊಡೆಯದೆಯೂ ಅರಳುವ ಗಿಡ್ಡ ಪೊದೆ ಗುಲಾಬಿ

ಗುಲಾಬಿ ಸಾಕುವುದು ಕಷ್ಟ, ವಾರಕ್ಕೊಮ್ಮೆ ಔಷಧಿ ಹೊಡೆಯದಿದ್ದರೆ ಗಿಡ ಉಳಿಯದು ಎಂಬ ಮಾತು ಹುಟ್ಟಿದ್ದು ಹೈಬ್ರಿಡ್ ಟೀ ಗುಲಾಬಿಗಳಿಂದ. ಉದ್ದ ತೊಟ್ಟಿನ ತುದಿಗೊಂದು ದೊಡ್ಡ ಹೂ ಬರಬೇಕೆಂದೇ ಆರಿಸಿ ಆರಿಸಿ ಬೆಳೆಸಿದ ಆ ಗಿಡಗಳಲ್ಲಿ ರೋಗ ತಡೆಯುವ ಶಕ್ತಿ ಹಿಂದೆ ಬಿತ್ತು. ಗಿಡ್ಡ ಪೊದೆ ಗುಲಾಬಿಗಳು ಹಾಗಲ್ಲ. ಮೊಣಕಾಲಿನಿಂದ ಸೊಂಟದೆತ್ತರದವರೆಗೆ ದುಂಡಗೆ ಬೆಳೆದು, ಗೊಂಚಲು ಗೊಂಚಲಾಗಿ, ಸರದಿ ಸರದಿಯಾಗಿ ಹೂ ಬಿಡುತ್ತವೆ. ಆದರೆ ಅವುಗಳ ಗಟ್ಟಿತನ ಎಲ್ಲಿ ನೆಟ್ಟರೂ ತಾನಾಗಿ ಬರುವುದಿಲ್ಲ. ತಳಿ, ಜಾಗ, ಮಣ್ಣು ಮೂರೂ ಸರಿ ಹೊಂದಿದರೆ ಮುಂದಿನ ಆರೈಕೆ ಬಹಳ ಕಡಿಮೆ. ಇವುಗಳಲ್ಲಿ ಒಂದು ತಪ್ಪಿದರೂ ಯಾವ ಗೊಬ್ಬರವೂ ಅದನ್ನು ತುಂಬಿಕೊಡದು. ಆದ್ದರಿಂದ ಗುದ್ದಲಿ ಹಿಡಿಯುವ ಮೊದಲಿನ ಕೆಲಸಕ್ಕೇ ಹೆಚ್ಚು ಸಮಯ ಕೊಡಿ.

ಮೊದಲು ತಳಿ

ಹೂವಿನ ಚಿತ್ರ ನೋಡಿ ಗಿಡ ಕೊಳ್ಳಬೇಡಿ. ಗಿಡ ಪೂರ್ತಿ ಬೆಳೆದಾಗ ಎಷ್ಟು ಎತ್ತರ, ಎಷ್ಟು ಅಗಲ ಆಗುತ್ತದೆ, ರೋಗ ಎಷ್ಟು ತಡೆಯುತ್ತದೆ ಎಂದು ಕೇಳಿ. ‘ದಿ ಫೇರಿ’ 1932ರಲ್ಲಿ ಬಂದ, ಪಾಲಿಯಾಂಥಾ ಎಂಬ ಗೊಂಚಲು ಹೂವಿನ ಗುಂಪಿನ ಗುಲಾಬಿ. 60ರಿಂದ 90 ಸೆಂ.ಮೀ. ಎತ್ತರ, ತಿಳಿಗೆಂಪಿನ ಪುಟ್ಟ ಹೂಗಳ ದೊಡ್ಡ ಗೊಂಚಲು. ಋತುವಿನಲ್ಲಿ ಹೂ ಶುರುವಾಗುವುದು ಸ್ವಲ್ಪ ತಡ, ಶುರುವಾದ ಮೇಲೆ ನಿಲ್ಲುವುದೂ ತಡ. ಪರಿಮಳ ಮಾತ್ರ ಇಲ್ಲವೆನ್ನುವಷ್ಟು ಕಡಿಮೆ. ಫ್ರಾನ್ಸಿನ ಮೆಯ್ಯಾಂ ಸಂಸ್ಥೆಯ ‘ಬೋನಿಕಾ’ ಸುಮಾರು ಒಂದು ಮೀಟರ್ ಬೆಳೆಯುತ್ತದೆ. ಬಾಡಿದ ಹೂ ತೆಗೆಯದೆ ಬಿಟ್ಟರೆ ಕಿತ್ತಳೆಗೆಂಪಿನ ಕಾಯಿ ಕಟ್ಟುತ್ತದೆ. 2000ದಲ್ಲಿ ಮಾರುಕಟ್ಟೆಗೆ ಬಂದ, ಅಮೆರಿಕದ ವಿಲಿಯಂ ರಾಡ್ಲರ್ ರೂಪಿಸಿದ ‘ನಾಕ್ ಔಟ್’ ಎಲೆಗೆ ತಗಲುವ ಕಪ್ಪು ಚುಕ್ಕೆ ಎಂಬ ಶಿಲೀಂಧ್ರ ರೋಗವನ್ನು ತಡೆಯುವುದಕ್ಕೇ ಹೆಸರಾಯಿತು. ಅದರ ದಳಗಳು ತಾವಾಗಿ ಉದುರುತ್ತವೆ, ಬಾಡಿದ ಹೂ ಕತ್ತರಿಸುವ ಕೆಲಸವೂ ಇಲ್ಲ. ಜಾಗ ತೀರ ಕಿರಿದಾಗಿದ್ದರೆ ‘ಡ್ರಿಫ್ಟ್’ ಗುಂಪಿನ ತಳಿಗಳನ್ನು ನೋಡಿ. ಅವು ಅರ್ಧ ಮೀಟರಿನ ಆಸುಪಾಸಿನಲ್ಲೇ ನಿಲ್ಲುತ್ತವೆ.

ಕೊರೆಯುವ ಚಳಿ, ಉಪ್ಪುಗಾಳಿ, ಮರಳು ಮಣ್ಣು ಇರುವಲ್ಲಿ ರುಗೋಸಾ ಗುಲಾಬಿಗಳಿಗೆ ಸಮನಾದದ್ದು ಇಲ್ಲ. ಪೂರ್ವ ಏಷ್ಯಾದ ಕಡಲ ದಂಡೆಗಳೇ ಅವುಗಳ ತವರು. ಸುಣ್ಣದಂಶ ಹೆಚ್ಚಿರುವ ಮಣ್ಣಿನಲ್ಲಿ ಅವುಗಳ ಎಲೆ ಹಳದಿಯಾಗುತ್ತದೆ. ರಾಸಾಯನಿಕ ಸಿಂಪಡಿಸಿದರೆ ಎಲೆ ಸುಡುತ್ತದೆ. ಬೇರಿನಿಂದ ಮರಿಗಿಡ ಎಬ್ಬಿಸಿಕೊಂಡು ಹರಡುವ ಸ್ವಭಾವವೂ ಇದೆ. ಉತ್ತರ ಯುರೋಪಿನ ಕರಾವಳಿಯಲ್ಲಿ ಇದು ಸ್ಥಳೀಯ ಸಸ್ಯಗಳನ್ನು ಒತ್ತರಿಸುವ ಕಳೆಯೇ ಆಗಿಬಿಟ್ಟಿದೆ.

ತಳಿಯ ಚೀಟಿಯಲ್ಲಿ ಜರ್ಮನಿಯ ಗುಲಾಬಿ ಪರೀಕ್ಷೆಯಾದ ‘ಎಡಿಆರ್’ನ ಮುದ್ರೆ ಕಂಡರೆ ಅದಕ್ಕೆ ಬೆಲೆ ಕೊಡಿ. ಆ ಪರೀಕ್ಷೆಯಲ್ಲಿ ಗಿಡಗಳನ್ನು ಬೇರೆ ಬೇರೆ ಊರಿನ ತೋಟಗಳಲ್ಲಿ ಕೆಲವು ವರ್ಷ ಬೆಳೆಸಿ ನೋಡುತ್ತಾರೆ. 1997ರಿಂದ ಈಚೆಗೆ ಯಾವ ಕೀಟನಾಶಕ, ಶಿಲೀಂಧ್ರನಾಶಕವನ್ನೂ ಬಳಸುವುದಿಲ್ಲ.

ಕಾಡು ಗುಲಾಬಿಯ ಬೇರಿಗೆ ತಳಿಯನ್ನು ಕೂಡಿಸಿದ ಕಸಿ ಗಿಡವೋ, ಸ್ವಂತ ಬೇರಿನದೋ ಎಂಬುದನ್ನೂ ಕೇಳಿ ತಿಳಿದುಕೊಳ್ಳಿ. ಪೊದೆ ಗುಲಾಬಿಗೆ ಸ್ವಂತ ಬೇರಿನ ಗಿಡವೇ ಮೇಲು. ಮೊದಲ ವರ್ಷ ಕಸಿ ಗಿಡಕ್ಕಿಂತ ಸಣ್ಣದಾಗಿ ಕಾಣಬಹುದು. ಆದರೆ ಚಳಿಗೋ ಬರಕ್ಕೋ ಮೇಲಿನ ಭಾಗವೆಲ್ಲ ಸತ್ತರೂ ಬುಡದಿಂದ ಚಿಗುರುವುದು ಅದೇ ತಳಿ. ಕಸಿ ಗಿಡದಲ್ಲಿ ಹೀಗಾದರೆ ಮೇಲೇಳುವುದು ಕೆಳಗಿನ ಕಾಡು ಗುಲಾಬಿ.

ಜಾಗ

ದಿನಕ್ಕೆ ಕನಿಷ್ಠ 6 ಗಂಟೆ ನೇರ ಬಿಸಿಲು ಬೇಕು. ಅದರಲ್ಲಿ ಬೆಳಗಿನ ಬಿಸಿಲು ಇರಲೇಬೇಕು. ರಾತ್ರಿಯ ಇಬ್ಬನಿಯನ್ನು ಬೇಗ ಆರಿಸುವುದು ಅದೇ. ಕಪ್ಪು ಚುಕ್ಕೆಯ ಶಿಲೀಂಧ್ರ ಎಲೆಯೊಳಗೆ ಇಳಿಯಬೇಕಾದರೆ ಎಲೆ ಸುಮಾರು 7 ಗಂಟೆ ಒದ್ದೆಯಾಗಿಯೇ ಇರಬೇಕು. ಬೆಳಗಾಗುತ್ತಲೇ ಎಲೆ ಒಣಗುವ ಜಾಗದಲ್ಲಿ ನೆಟ್ಟರೆ ರೋಗದ ಬಹುಪಾಲನ್ನು ನೆಡುವಾಗಲೇ ತಡೆದಂತಾಯಿತು. ಸುಡುಬಿಸಿಲಿನ ಪ್ರದೇಶದಲ್ಲಿ ಮಧ್ಯಾಹ್ನದ ನಂತರ ಸ್ವಲ್ಪ ನೆರಳು ಬಿದ್ದರೆ ಹೂವಿನ ಬಣ್ಣ ಬೇಗ ಮಾಸುವುದಿಲ್ಲ.

ದೊಡ್ಡ ಮರದ ಬೇರು ಹಬ್ಬಿರುವಲ್ಲಿ ಬೇಡ. ಗಾಳಿ ಆಡದ ಮೂಲೆಯೂ ಬೇಡ. ಹಳೆಯ ಗುಲಾಬಿ ಗಿಡ ತೆಗೆದ ಜಾಗದಲ್ಲೇ ಹೊಸ ಗುಲಾಬಿ ನೆಟ್ಟರೆ ಎಷ್ಟೋ ಸಲ ಅದು ಏಳುವುದೇ ಇಲ್ಲ, ನೆಟ್ಟ ಗಾತ್ರದಲ್ಲೇ ಕೂತಿರುತ್ತದೆ. ಬೇರೆ ಜಾಗ ಇಲ್ಲವೆಂದರೆ ಅಲ್ಲಿಯ ಮಣ್ಣನ್ನು ಸುಮಾರು 45 ಸೆಂ.ಮೀ. ಆಳ, 60 ಸೆಂ.ಮೀ. ಅಗಲಕ್ಕೆ ಪೂರ್ತಿ ತೆಗೆದು, ಗುಲಾಬಿ ಬೆಳೆಯದಿದ್ದ ಕಡೆಯ ಮಣ್ಣು ತುಂಬಿ.

ಸಾಲಿನಲ್ಲಿ ಬಿಡಿಬಿಡಿಯಾಗಿ ಕಾಣಬೇಕಾದರೆ ಗಿಡದಿಂದ ಗಿಡಕ್ಕೆ ಅದರ ಪೂರ್ಣ ಅಗಲದಷ್ಟು ಅಂತರ ಕೊಡಿ. ಬೇಲಿಯ ಹಾಗೆ ಕೂಡಿಕೊಳ್ಳಬೇಕಾದರೆ ಅಗಲದ ಮುಕ್ಕಾಲು ಭಾಗ ಸಾಕು. ನೆಟ್ಟ ದಿನ ಬಯಲು ಬಯಲಾಗಿ ಕಂಡಿತೆಂದು ನಡುವೆ ಇನ್ನೊಂದು ಗಿಡ ತುರುಕಬೇಡಿ.

ಮಣ್ಣು, ಗುಣಿ

ಮೊದಲು ನೀರು ಬಸಿಯುತ್ತದೆಯೇ ನೋಡಿ. 30 ಸೆಂ.ಮೀ. ಆಳದ ಗುಂಡಿ ತೋಡಿ ನೀರು ತುಂಬಿಸಿ, ಅದು ಇಂಗಿದ ಮೇಲೆ ಮತ್ತೆ ತುಂಬಿಸಿ. ಎರಡನೆಯ ಸಲದ ನೀರು ಗಂಟೆಗೆ 2.5 ಸೆಂ.ಮೀ.ನಷ್ಟಾದರೂ ಇಳಿಯಬೇಕು. ಇಳಿಯದಿದ್ದರೆ ಆಳದ ಗುಣಿ ತೋಡಿ ಒಳ್ಳೆಯ ಮಣ್ಣು ತುಂಬುವುದರಿಂದ ಪ್ರಯೋಜನವಿಲ್ಲ: ಸುತ್ತಲಿನ ಜೇಡಿಮಣ್ಣು ತೊಟ್ಟಿಯ ಗೋಡೆಯಂತಾಗಿ ನೀರೆಲ್ಲ ಗುಣಿಯಲ್ಲೇ ನಿಂತು ಬೇರು ಕೊಳೆಯುತ್ತದೆ. ಅಂಥಲ್ಲಿ 20–25 ಸೆಂ.ಮೀ. ಎತ್ತರದ ಮಡಿ ಮಾಡಿ ಅದರ ಮೇಲೆ ನೆಡುವುದೇ ದಾರಿ.

ಮಣ್ಣಿನ ರಸಸಾರ, ಅಂದರೆ ಪಿಎಚ್, 6.0–6.5 ಇದ್ದರೆ ಉತ್ತಮ. 7.5 ದಾಟಿದರೆ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದು ಕಷ್ಟ. ಎಳೆಯ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ.

ಗುಣಿ 45 ಸೆಂ.ಮೀ. ಅಗಲ, 40 ಸೆಂ.ಮೀ. ಆಳ ಇರಲಿ. ತೆಗೆದ ಮಣ್ಣು ಎರಡು ಪಾಲಿಗೆ ಚೆನ್ನಾಗಿ ಕಳಿತ ಕಾಂಪೋಸ್ಟ್ ಅಥವಾ ಕೊಟ್ಟಿಗೆ ಗೊಬ್ಬರ ಒಂದು ಪಾಲು ಬೆರೆಸಿ. ಹಸಿ ಗೊಬ್ಬರ ಬೇರನ್ನು ಸುಡುತ್ತದೆ. ರಾಸಾಯನಿಕ ಗೊಬ್ಬರವನ್ನು ಗುಣಿಗೆ ಹಾಕಲೇಬೇಡಿ.

ನೆಡುವ ಕ್ರಮ

ಬರಿಬೇರಿನ, ಅಂದರೆ ಬೇರಿನಲ್ಲಿ ಮಣ್ಣಿಲ್ಲದೆ ಮಾರುವ ಗಿಡವಾದರೆ ಬೇರನ್ನು 2ರಿಂದ 12 ಗಂಟೆ ನೀರಿನಲ್ಲಿ ನೆನೆಸಿ. 24 ಗಂಟೆ ಮೀರಬಾರದು. ಮುರಿದ ಬೇರು ಕತ್ತರಿಸಿ. ಗುಣಿಯ ತಳದಲ್ಲಿ ಮಣ್ಣಿನ ಗುಪ್ಪೆ ಮಾಡಿ ಅದರ ಮೇಲೆ ಬೇರು ಹರಡಿ ಕೂರಿಸಿ. ಕುಂಡದ ಗಿಡವಾದರೆ ಸುತ್ತಿಕೊಂಡ ಬೇರುಗಳನ್ನು ಬೆರಳಿನಿಂದ ಬಿಡಿಸಿ. ಬಿಡಿಸದಿದ್ದರೆ ಅವು ಹೊರಮಣ್ಣಿಗೆ ಹೋಗದೆ ಅಲ್ಲೇ ಸುತ್ತುತ್ತಿರುತ್ತವೆ.

ಕಸಿ ಗಿಡದಲ್ಲಿ ಕಸಿ ಕೂಡಿದ ಗಂಟು ಎಲ್ಲಿ ನಿಲ್ಲಬೇಕೆಂಬುದು ಹವೆಯನ್ನು ಅವಲಂಬಿಸಿದೆ. ನೆಲ ಹೆಪ್ಪುಗಟ್ಟುವ ಪ್ರದೇಶದಲ್ಲಿ ಗಂಟು ಮಣ್ಣಿನಿಂದ 5 ಸೆಂ.ಮೀ. ಕೆಳಗೆ ಹೋಗಲಿ. ಹಿಮ ಬೀಳದ ಕಡೆ 2–3 ಸೆಂ.ಮೀ. ಮೇಲೆ ಕಾಣುವಂತಿರಲಿ. ಸ್ವಂತ ಬೇರಿನ ಗಿಡಕ್ಕೆ ಈ ಲೆಕ್ಕ ಬೇಡ, ಕುಂಡದಲ್ಲಿ ಇದ್ದಷ್ಟೇ ಆಳ ಸಾಕು.

ಅರ್ಧ ಮಣ್ಣು ತುಂಬಿ ನೀರು ಹಾಕಿ, ಅದು ಇಳಿದ ಮೇಲೆ ಉಳಿದರ್ಧ ತುಂಬಿ. ಕೈಯಲ್ಲಿ ಒತ್ತಿ, ಕಾಲಿನಿಂದ ತುಳಿಯಬೇಡಿ. ಕೊನೆಗೆ ಒಣಎಲೆ, ತೊಗಟೆಚೂರು ಅಥವಾ ಹುಲ್ಲಿನ ಹೊದಿಕೆ 5–7 ಸೆಂ.ಮೀ. ದಪ್ಪಕ್ಕೆ ಹರಡಿ, ಕಾಂಡದ ಸುತ್ತ ನಾಲ್ಕು ಬೆರಳಷ್ಟು ಜಾಗ ಖಾಲಿ ಬಿಡಿ. ಈ ಹೊದಿಕೆ ಮಣ್ಣಿನ ತೇವ ಕಾಯುವುದಷ್ಟೇ ಅಲ್ಲ, ಮಳೆಹನಿಗೆ ನೆಲದ ಮೇಲಿನ ರೋಗಬೀಜ ಎಲೆಗೆ ಚಿಮ್ಮದಂತೆಯೂ ತಡೆಯುತ್ತದೆ.

ನೀರು, ಗೊಬ್ಬರ

ವಾರಕ್ಕೆ 2.5 ಸೆಂ.ಮೀ. ಮಳೆಗೆ ಸಮನಾದ ನೀರು ಬೇಕು. ಅಂದರೆ ಚದರ ಮೀಟರಿಗೆ 25 ಲೀಟರ್, ಒಂದು ಗಿಡ್ಡ ಪೊದೆಗೆ ಸುಮಾರು 10 ಲೀಟರ್. ದಿನಾ ಒಂದು ಚೊಂಬು ಹಾಕುವುದಕ್ಕಿಂತ ವಾರಕ್ಕೆ ಒಂದೆರಡು ಸಲ ಆಳಕ್ಕೆ ಇಳಿಯುವಂತೆ ಹಾಕಿ. ಮೇಲ್ಮಣ್ಣು ಮಾತ್ರ ಒದ್ದೆಯಾದರೆ ಬೇರೂ ಮೇಲೆಯೇ ಉಳಿದು, ಎರಡು ದಿನ ನೀರು ತಪ್ಪಿದರೆ ಗಿಡ ಬಾಡುತ್ತದೆ. ಬುಡಕ್ಕೆ ಹಾಕಿ, ಬೆಳಿಗ್ಗೆ ಹಾಕಿ. ಸಂಜೆ ಎಲೆ ನೆನೆಸುವುದು ಕಪ್ಪು ಚುಕ್ಕೆಗೆ ಆಹ್ವಾನ. ಮೊದಲ ವರ್ಷ ನೀರು ತಪ್ಪಬಾರದು. ಆಮೇಲೆ ಸಣ್ಣಪುಟ್ಟ ಬರವನ್ನು ಗಿಡ ತಾನೇ ತಾಳಿಕೊಳ್ಳುತ್ತದೆ.

ನೆಟ್ಟ ಗಿಡ ಮೊದಲ ಸುತ್ತು ಹೂ ಬಿಡುವವರೆಗೆ ರಾಸಾಯನಿಕ ಗೊಬ್ಬರ ಬೇಡ. ಬಳಿಕ ವರ್ಷಕ್ಕೊಮ್ಮೆ 3 ಸೆಂ.ಮೀ. ಕಾಂಪೋಸ್ಟ್, ಜೊತೆಗೆ ಹೊಸ ಚಿಗುರು ಬರುವಾಗ 10-10-10 ರೀತಿಯ (ಸಾರಜನಕ, ರಂಜಕ, ಪೊಟ್ಯಾಶ್ ಸಮನಾಗಿರುವ) ಸಮತೋಲನದ ಗೊಬ್ಬರ ಗಿಡಕ್ಕೆ 30–40 ಗ್ರಾಂ, ಮೊದಲ ಸುತ್ತಿನ ಹೂ ಮುಗಿದ ಮೇಲೆ ಇನ್ನೊಮ್ಮೆ ಅಷ್ಟೇ. ಒದ್ದೆ ಮಣ್ಣಿಗೆ ಹಾಕಿ ಮತ್ತೆ ನೀರು ಕೊಡಿ. ಪೊದೆ ಗುಲಾಬಿಯನ್ನು ಕೆಡಿಸುವುದು ಗೊಬ್ಬರದ ಕೊರತೆಗಿಂತ ಹೆಚ್ಚಾಗಿ ಅತಿಯಾದ ಸಾರಜನಕ: ಉದ್ದುದ್ದ ಮೆತ್ತನೆಯ ಚಿಗುರು, ಕಡಿಮೆ ಹೂ, ಚಿಗುರಿನ ತುಂಬ ಸಸ್ಯಹೇನು. ಹಿಮ ಬೀಳುವ ಪ್ರದೇಶದಲ್ಲಿ ಮೊದಲ ಹಿಮಕ್ಕೆ 6–8 ವಾರ ಮುಂಚೆಯೇ ಗೊಬ್ಬರ ನಿಲ್ಲಿಸಿ; ಎಳೆ ಚಿಗುರು ಬಲಿಯದೆ ಚಳಿಗೆ ಸುಟ್ಟುಹೋಗುತ್ತದೆ.

ಸವರುವುದು

ಹೆಚ್ಚಿನವರು ಎಡವುವುದು ಇಲ್ಲಿ. ಹೈಬ್ರಿಡ್ ಟೀ ಗಿಡವನ್ನು ಮೊಣಕಾಲಿಗಿಂತ ಕೆಳಗೆ ಕತ್ತರಿಸುವ ರೂಢಿಯನ್ನು ಪೊದೆ ಗುಲಾಬಿಗೂ ಹಚ್ಚಿದರೆ ಅದರ ದುಂಡು ಆಕಾರವೇ ಹೋಗಿ ನಾಲ್ಕಾರು ಉದ್ದ ಕಡ್ಡಿಗಳು ಮೇಲೇಳುತ್ತವೆ.

ಮೊದಲ ಎರಡು ವರ್ಷ ಒಣಗಿದ್ದು, ಮುರಿದದ್ದು, ಒಂದಕ್ಕೊಂದು ಉಜ್ಜುವ ರೆಂಬೆ ಬಿಟ್ಟು ಬೇರೇನೂ ಕತ್ತರಿಸಬೇಡಿ. ಮೂರನೆಯ ವರ್ಷದಿಂದ ಗಿಡದ ಎತ್ತರದಲ್ಲಿ ಮೂರನೆಯ ಒಂದು ಭಾಗ ತೆಗೆಯಿರಿ, ಅತಿ ಹಳೆಯ ಒಂದೆರಡು ಕಾಂಡಗಳನ್ನು ಬುಡಕ್ಕೇ ಕತ್ತರಿಸಿ. ಹೀಗೆ ಪ್ರತಿವರ್ಷ ಮಾಡಿದರೆ ಬುಡದಿಂದ ಹೊಸ ಕಾಂಡ ಬರುತ್ತಲೇ ಇರುತ್ತದೆ. ಚಳಿನಾಡಿನಲ್ಲಿ ಕಣ್ಣುಗಳು, ಅಂದರೆ ಚಿಗುರೊಡೆಯುವ ಮೊಗ್ಗುಗಳು, ಉಬ್ಬತೊಡಗಿದಾಗ, ಹಿಮವಿಲ್ಲದ ಕಡೆ ಮಳೆ ನಿಂತು ತಂಪು ಹವೆ ಶುರುವಾದಾಗ ಇದಕ್ಕೆ ಸಕಾಲ. ಹೊರಮುಖದ ಕಣ್ಣಿಗಿಂತ ಅರ್ಧ ಸೆಂ.ಮೀ. ಮೇಲೆ ಕತ್ತರಿ ಹಾಕಿ. ತುಂಬ ಮೇಲೆ ಕತ್ತರಿಸಿದರೆ ಉಳಿದ ತುಂಡು ಒಣಗಿ, ಆ ಒಣಗು ಕೆಳಗಿಳಿಯುತ್ತದೆ. ತುದಿಯಿಂದ ಕಪ್ಪಗೆ ಒಣಗುತ್ತ ಬರುವ ರೆಂಬೆಯನ್ನು ಒಳತಿರುಳು ಬೆಳ್ಳಗೆ ಕಾಣುವವರೆಗೂ ಕತ್ತರಿಸಿ, ಮುಂದಿನ ಗಿಡ ಮುಟ್ಟುವ ಮೊದಲು ಕತ್ತರಿಯನ್ನು 70% ಆಲ್ಕೊಹಾಲ್‌ನಿಂದ ಒರೆಸಿ.

ಕಸಿಗಂಟಿನ ಕೆಳಗಿನಿಂದ ಬರುವ ಬುಡಚಿಗುರನ್ನು ಕತ್ತರಿಸದೆ, ಮಣ್ಣು ಸರಿಸಿ ಹುಟ್ಟಿದಲ್ಲಿಂದಲೇ ಕಿತ್ತು ತೆಗೆಯಿರಿ. ಕತ್ತರಿಸಿದರೆ ಒಂದಿದ್ದದ್ದು ಮೂರಾಗುತ್ತದೆ.

ಏನು ಕೆಡುತ್ತದೆ, ಯಾಕೆ

ಅಂಚು ಕೆದರಿದ ಕಪ್ಪು ಚುಕ್ಕೆ, ಸುತ್ತ ಹಳದಿ, ಕೆಳಗಿನ ಎಲೆಯಿಂದ ಶುರು: ಇದು ಕಪ್ಪು ಚುಕ್ಕೆ ರೋಗ. ಉದುರಿದ ಎಲೆ ಗುಡಿಸಿ ತೆಗೆಯಿರಿ, ಗಿಡದ ನಡುಭಾಗ ತೆಳುವಾಗಿಸಿ. ಈ ಶಿಲೀಂಧ್ರದಲ್ಲಿ ಹಲವು ಬಗೆಗಳಿವೆ. ಒಂದು ಕಡೆ ರೋಗವೇ ತಗಲದ ತಳಿಗೆ ಇನ್ನೊಂದು ಕಡೆ ತಗಲಬಹುದು. ಎಳೆ ಎಲೆಯ ಮೇಲೆ ಬಿಳಿ ಪುಡಿ ಕಂಡರೆ ಬೂದಿ ರೋಗ. ಅದಕ್ಕೆ ಎಲೆ ಒದ್ದೆಯಾಗಬೇಕಿಲ್ಲ, ಒಣ ಹಗಲು ಮತ್ತು ತೇವದ ತಂಪು ರಾತ್ರಿ ಸಾಕು. ನೆರಳು, ಅತಿ ಗೊಬ್ಬರ ಅದನ್ನು ಹೆಚ್ಚಿಸುತ್ತವೆ.

ಬೇಸಿಗೆಯಲ್ಲಿ ಎಲೆ ಮಂಕಾಗಿ ಸಣ್ಣ ಬಿಳಿ ಚುಕ್ಕೆ ತುಂಬಿದ್ದರೆ ಎಲೆಯಡಿ ನೋಡಿ, ನುಸಿ ಇರುತ್ತದೆ. ಮೂರು ದಿನಕ್ಕೊಮ್ಮೆ ಬೆಳಗಿನ ಹೊತ್ತು ಎಲೆಯ ಅಡಿಭಾಗಕ್ಕೆ ನೀರಿನ ಧಾರೆ ಬಿಟ್ಟರೆ ಅದು ಹತೋಟಿಗೆ ಬರುತ್ತದೆ. ಸಸ್ಯಹೇನಿಗೂ ನೀರೇ ಮೊದಲ ಮದ್ದು. ಮುಂದುವರಿದರೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಬೆರೆಯಲು ಕೆಲವು ಹನಿ ಮೆದು ಸೋಪು ಹಾಕಿ ಸಂಜೆ ಸಿಂಪಡಿಸಿ. ಬಿಸಿಲಿನಲ್ಲಿ ಸಿಂಪಡಿಸಿದರೆ ಎಲೆ ಸುಡುತ್ತದೆ.

ಚಿಗುರು ವಿಪರೀತ ಕೆಂಪಾಗಿ, ದಪ್ಪವಾಗಿ, ಒತ್ತೊತ್ತಾಗಿ ಮೆತ್ತನೆಯ ಮುಳ್ಳು ತುಂಬಿಕೊಂಡು, ಪೊರಕೆಯಂತೆ ಒಂದೇ ಕಡೆಯಿಂದ ಕವಲೊಡೆದರೆ ಅದು ರೋಸೆಟ್ ಎಂಬ ವೈರಸ್ ರೋಗವಿರಬಹುದು. ಕಣ್ಣಿಗೆ ಕಾಣದ ಸೂಕ್ಷ್ಮ ನುಸಿ ಅದನ್ನು ಹರಡುತ್ತದೆ. ಮದ್ದಿಲ್ಲ, ‘ನಾಕ್ ಔಟ್’ನಂಥ ಗಟ್ಟಿ ತಳಿಗಳಿಗೂ ತಗಲುತ್ತದೆ. ಗಿಡವನ್ನು ಬೇರುಸಮೇತ ಕಿತ್ತು, ಚೀಲದಲ್ಲಿ ಕಟ್ಟಿ ವಿಲೇವಾರಿ ಮಾಡಿ. ಕಾಂಪೋಸ್ಟ್ ಗುಂಡಿಗೆ ಹಾಕಬೇಡಿ. ಆದರೆ ಹೊಸ ಚಿಗುರು ಸಹಜವಾಗಿಯೇ ಕೆಂಪಾಗಿರುವ ತಳಿಗಳು ಬಹಳ. ಬಲಿತಂತೆ ಅದು ಹಸಿರಾದರೆ ಹೆದರಬೇಕಿಲ್ಲ.

ಎಲೆ ಹಸಿರಾಗಿದ್ದೂ ತುದಿಯಲ್ಲಿ ಮೊಗ್ಗಿಲ್ಲದ ಕುರುಡು ಚಿಗುರುಗಳೇ ಬರುತ್ತಿದ್ದರೆ ಬಿಸಿಲು ಸಾಲುತ್ತಿದೆಯೇ ನೋಡಿ. ಅಂಥ ಚಿಗುರನ್ನು ಅರ್ಧಕ್ಕೆ ಕತ್ತರಿಸಿದರೆ ಕೆಳಗಿನ ಕಣ್ಣಿನಿಂದ ಹೂವಿನ ಕವಲು ಬರುವುದುಂಟು. ಬಿಸಿಲೇ ಕಡಿಮೆ ಇದ್ದರೆ, ಗಿಡ ಸುಪ್ತವಾಗಿರುವ ಕಾಲದಲ್ಲಿ ಬೇರಿನ ಸುತ್ತಲ ಮಣ್ಣಿನ ಸಮೇತ ಎತ್ತಿ ಬೇರೆ ಕಡೆ ನೆಡಿ.

ಕುಂಡದಲ್ಲಾದರೆ

60 ಸೆಂ.ಮೀ. ಒಳಗಿನ ತಳಿಗೆ ಕನಿಷ್ಠ 40 ಸೆಂ.ಮೀ. ಅಗಲ, ಅಷ್ಟೇ ಆಳದ, ತಳದಲ್ಲಿ ತೂತಿರುವ ಕುಂಡ ಬೇಕು. ನೆಲದ ಗಿಡಕ್ಕಿಂತ ಬೇಗ ಒಣಗುವುದರಿಂದ ಎರಡು ಬೆರಳಾಳದ ಮಣ್ಣು ಒಣಗಿತೆಂದರೆ ನೀರು ಕೊಡಿ. ಗೊಬ್ಬರವನ್ನು ಅರ್ಧ ಪ್ರಮಾಣದಲ್ಲಿ, ಎರಡು ಪಟ್ಟು ಸಲ ಹಾಕಿ. ಎರಡು ಮೂರು ವರ್ಷಕ್ಕೊಮ್ಮೆ ಗಿಡ ಎತ್ತಿ, ಹೊರಸುತ್ತಿನ ಬೇರು ಸ್ವಲ್ಪ ಕತ್ತರಿಸಿ, ಮಣ್ಣು ಬದಲಿಸಿ. ಕುಂಡದ ಅಂಚಿನಲ್ಲಿ ಬಿಳಿ ಉಪ್ಪು ಕಟ್ಟಿದ್ದರೆ ಎಲೆಯಂಚು ಸುಡುವ ಮೊದಲೇ ತಳದಿಂದ ನೀರು ಧಾರಾಳವಾಗಿ ಹರಿದುಹೋಗುವಂತೆ ಎರಡು ಮೂರು ಸಲ ತೊಳೆಯಿರಿ.