ಮಳೆಗಾಲದ ಫ್ಲೂ: ಅಪಾಯ ಹೆಚ್ಚಿರುವವರಿಗೆ ಮೊದಲ 48 ಗಂಟೆ

ಕಾಸರಗೋಡಿನ ಕಡೆ ಮಳೆಗಾಲದಲ್ಲಿ ಜ್ವರ ಬಂದರೆ "ಕಷಾಯ ಕುಡಿಯಲಿ, ಮಳೆ ಬಿಟ್ಟ ಮೇಲೆ ನೋಡುವ" ಎನ್ನುವುದು ರೂಢಿ. ಗಟ್ಟಿಮುಟ್ಟಾದವರಿಗೆ ಅದು ನಡೆಯುತ್ತದೆ. 65 ದಾಟಿದವರು, ಗರ್ಭಿಣಿಯರು, ಐದರೊಳಗಿನ ಮಕ್ಕಳು, ಸಕ್ಕರೆ ಕಾಯಿಲೆ, ದಮ್ಮು, ಹೃದಯ ಅಥವಾ ಕಿಡ್ನಿ ತೊಂದರೆ ಇರುವವರು, ಹಾಸಿಗೆ ಹಿಡಿದ ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರು: ಇವರ ವಿಷಯದಲ್ಲಿ ಕಾಯಲೇಬಾರದು.

ಫ್ಲೂ ಮದ್ದು ಓಸೆಲ್ಟಾಮಿವಿರ್. ವೈರಸ್ ಹೆಚ್ಚುವುದನ್ನು ಅದು ತಡೆಯುತ್ತದೆ, ಹಾಗಾಗಿ ಜ್ವರ ಶುರುವಾದ 48 ಗಂಟೆಯೊಳಗೆ ಕೊಟ್ಟರೆ ಫಲ ಹೆಚ್ಚು. ತಡವಾದರೂ, ರೋಗ ಜೋರಾಗಿದ್ದರೆ ಕೊಡುತ್ತಾರೆ. ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಅಗತ್ಯವಿಲ್ಲ. ವೈದ್ಯರು ಸಾಮಾನ್ಯವಾಗಿ ದೊಡ್ಡವರಿಗೆ ಬರೆಯುವುದು 75 ಮಿಲಿಗ್ರಾಂ, ದಿನಕ್ಕೆ ಎರಡು ಸಲ, 5 ದಿನ. ಮಕ್ಕಳಿಗೆ ತೂಕ ನೋಡಿ ಕೊಡುತ್ತಾರೆ. ಕಿಡ್ನಿ ಸರಿಯಿಲ್ಲದಿದ್ದರೆ ಡೋಸ್ ಇಳಿಸಬೇಕು, ಆದ್ದರಿಂದ ಇತ್ತೀಚಿನ ಕ್ರಿಯಾಟಿನಿನ್ (ಕಿಡ್ನಿಯ ರಕ್ತಪರೀಕ್ಷೆ) ವರದಿ ಕೊಂಡುಹೋಗಿ. ಈ ಮದ್ದಿನಿಂದ ವಾಂತಿ ಬರಬಹುದು. ಊಟದ ಜೊತೆ ಕೊಡಿ. ಮೂರನೇ ದಿನ ಜ್ವರ ಇಳಿಯಿತೆಂದು ನಿಲ್ಲಿಸಬೇಡಿ.

ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಇದೇ ತಿಂಗಳುಗಳಲ್ಲಿ ಇಲ್ಲಿ ಡೆಂಗಿ, ಇಲಿಜ್ವರ ಕೂಡ ಇರುವುದರಿಂದ ಐಬುಪ್ರೊಫೇನ್, ಡೈಕ್ಲೊಫೆನಾಕ್ ಮುಟ್ಟಬೇಡಿ: ಡೆಂಗಿಯಲ್ಲಿ ರಕ್ತಸ್ರಾವ ಆಗಬಹುದು, ಇಲಿಜ್ವರದಲ್ಲಿ ಕಿಡ್ನಿ ಕೆಡಬಹುದು. ಮಕ್ಕಳಿಗೆ ಆಸ್ಪಿರಿನ್ ಬೇಡವೇ ಬೇಡ. ಮನೆಯಲ್ಲಿ ಉಳಿದಿರುವ ಆಂಟಿಬಯಾಟಿಕ್ ವೈರಸ್‌ಗೆ ತಾಗುವುದಿಲ್ಲ. ಕಷಾಯ, ಗಂಜಿತಿಳಿ ಕೊಡಿ, ಒಳ್ಳೆಯದೇ. ಸಕ್ಕರೆ ಕಾಯಿಲೆಯವರಿಗೆ ಬೆಲ್ಲ ಹಾಕಬೇಡಿ, ಜ್ವರದಲ್ಲಿ ಸಕ್ಕರೆ ಮೊದಲೇ ಏರಿರುತ್ತದೆ.

ಲಸಿಕೆ ಮೇ ತಿಂಗಳೊಳಗೆ ಆಗಲಿ. ರಕ್ಷಣೆ ಬರಲು ಎರಡು ವಾರ ಬೇಕು, ವೈರಸ್ ಬದಲಾಗುವುದರಿಂದ ಪ್ರತಿ ವರ್ಷವೂ ಬೇಕು. ಗರ್ಭಿಣಿಯರು ಯಾವ ತಿಂಗಳಲ್ಲೂ ಹಾಕಿಸಿಕೊಳ್ಳಬಹುದು. ಆರು ತಿಂಗಳಿಗಿಂತ ಚಿಕ್ಕ ಮಗುವಿಗೆ ಲಸಿಕೆಯಿಲ್ಲ, ಅದನ್ನು ಎತ್ತಿ ಆಡಿಸುವವರೆಲ್ಲ ಹಾಕಿಸಿಕೊಳ್ಳಬೇಕು. ಮೆಡಿಕಲ್ ಶಾಪಿನಿಂದ ತಂದು ಹಾಕಿಸುವುದಾದರೆ 2ರಿಂದ 8 ಡಿಗ್ರಿ ತಂಪಿನಲ್ಲಿ ಒಯ್ಯಿರಿ. ಐಸ್‌ಗೆ ನೇರ ತಾಗಿ ಹೆಪ್ಪುಗಟ್ಟಿದ ಲಸಿಕೆ ಎಸೆಯಬೇಕಾದದ್ದೇ. ಹಾಕಿಸಿಕೊಂಡವರಿಗೂ ಫ್ಲೂ ಬರಬಹುದು, ಬಂದರೆ ಮದ್ದು ಅದೇ ವೇಗದಲ್ಲಿ ಬೇಕು.

ಏದುಸಿರು, ಎದೆನೋವು, ಮಂಪರು, ಕಫದಲ್ಲಿ ರಕ್ತ, ಉಗುರು ನೀಲಿಯಾಗುವುದು, ಬೆರಳಿಗೆ ಹಾಕುವ ಆಕ್ಸಿಮೀಟರ್‌ನಲ್ಲಿ ಆಕ್ಸಿಜನ್ 94ಕ್ಕಿಂತ ಕಡಿಮೆ: ಇವುಗಳಲ್ಲಿ ಒಂದು ಕಂಡರೂ ರಾತ್ರಿಯಾದರೂ ಹೊರಡಿ. ಜ್ವರ ಇಳಿದು ಎರಡು ದಿನಕ್ಕೆ ಮತ್ತೆ ಏರಿದರೆ ನ್ಯುಮೋನಿಯಾ ಇರಬಹುದು. ಮಂಗಳೂರಿಗೇ ಹೋಗಬೇಕೆಂದು ಕಾರಿಗಾಗಿ ಕಾಯಬೇಡಿ. ಹತ್ತಿರದ ತಾಲೂಕು ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿಸಿ, ಅಲ್ಲಿಂದ ಆಂಬುಲೆನ್ಸ್‌ನಲ್ಲಿ ತಲಪಾಡಿ ಗಡಿ ದಾಟಿ ಮಂಗಳೂರಿಗೆ ಹೋಗಿ.