ಮೊದಲು ಬಾಡಿಗೆ ಕೇಳಿ, ಆಮೇಲೆ ಮನೆ ನೋಡಿ

ಕಾರವಾರದಲ್ಲಿ ಬಾಡಿಗೆಗೆ ಕೊಡಲು ಮನೆ ಕೊಳ್ಳಬೇಕೆನ್ನುವವರು ಮೊದಲು ದರ ಕೇಳುತ್ತಾರೆ. ನಾನು ಬಾಡಿಗೆ ಕೇಳುತ್ತೇನೆ. ಅದೂ ದಲ್ಲಾಳಿಯ ಹತ್ತಿರ ಅಲ್ಲ, ಅದೇ ಓಣಿಯಲ್ಲಿ ಈಗ ಬಾಡಿಗೆಗಿರುವವರ ಹತ್ತಿರ.

ನೌಕಾನೆಲೆ, ಕೈಗಾ ಅಣುಸ್ಥಾವರ, ಮೆಡಿಕಲ್ ಕಾಲೇಜು ಅಂತ ಹೇಳಿ ಹೇಳಿ ಜಾಗದ ದರ ಏರಿಸುತ್ತಾರೆ. ಬಾಡಿಗೆ ಏರುವುದು ಮಾತ್ರ ಬಾಡಿಗೆದಾರರ ಸಂಬಳ ನೋಡಿಕೊಂಡು. ನನಗೆ ತೋರಿಸಿದ ಫ್ಲ್ಯಾಟಿಗೆ 45 ಲಕ್ಷ, ಬಾಡಿಗೆ 13 ಸಾವಿರ. ಶೇ. 8.5 ಬಡ್ಡಿ, 20 ವರ್ಷದ ಸಾಲ ಅಂದರೆ ಲಕ್ಷಕ್ಕೆ 868 ರೂಪಾಯಿ ಕಂತು. ಇದನ್ನು ಬಾಯಿಪಾಠ ಮಾಡಿಕೊಳ್ಳಿ. ಉಳಿದದ್ದು ನಾನೇ ಹಾಕಿದರೂ 32 ಲಕ್ಷ ಸಾಲಕ್ಕೆ ಸುಮಾರು 27,800. ಪ್ರತಿ ತಿಂಗಳೂ 14-15 ಸಾವಿರ ಕೈಯಿಂದ ಹಾಕಬೇಕು. ಬಿಟ್ಟೆ.

ಕೊಂಡದ್ದು ಕೋಡಿಬಾಗದ ಒಳಗಡೆ ಒಂದು ಹಳೇ ಹಂಚಿನ ಮನೆ. ನೋಂದಣಿ, ರಿಪೇರಿ ಎಲ್ಲ ಸೇರಿ 28 ಲಕ್ಷ, ಅದರಲ್ಲಿ ಸಾಲ 12. ನಡುವೆ ಗೋಡೆ ಎಬ್ಬಿಸಿ ಎರಡು ಬಾಗಿಲು, ಎರಡು ಕರೆಂಟ್ ಮೀಟರ್ ಮಾಡಿಸಿದೆ. ಬಾಡಿಗೆ 8 ಸಾವಿರ, 7 ಸಾವಿರ. ಒಂದು ತಿಂಗಳು ಖಾಲಿ ಅಂತಲೇ ಹಿಡಿದರೆ ವರ್ಷಕ್ಕೆ 1,65,000. ಕಂತು 1,25,000. ಮನೆ ತೆರಿಗೆ, ಹಂಚು, ಬಣ್ಣಕ್ಕೆ 25,000. ಉಳಿಯುವುದು 15,000. ನನ್ನ 16 ಲಕ್ಷ ಎಫ್‌ಡಿಯಲ್ಲಿದ್ದಿದ್ದರೆ ಇದಕ್ಕಿಂತ ಹೆಚ್ಚೇ ಬರುತ್ತಿತ್ತು ಅಂತ ನಮ್ಮ ಯಜಮಾನರು ಈಗಲೂ ಚುಚ್ಚುತ್ತಾರೆ. ಸುಳ್ಳಲ್ಲ. ಆದರೆ ಎಫ್‌ಡಿ ಬಡ್ಡಿ ಮನೆಯ ಸಾಲ ತೀರಿಸುವುದಿಲ್ಲವಲ್ಲ!

ಈಗ ಕೊಳ್ಳುವವರು ಖರ್ಚು ಇನ್ನೂ ಬಿಗಿಯಾಗಿ ಹಾಕಿಕೊಳ್ಳಿ: ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1 ಇದ್ದದ್ದು 2 ಆಗಿದೆ.

ಮನೆಯನ್ನು ಎರಡು ಸಲ ನೋಡಿ. ಜುಲೈ ಮಳೆಯಲ್ಲೊಮ್ಮೆ, ಎಲ್ಲಿ ಸೋರುತ್ತದೆ, ಯಾವ ಗೋಡೆಗೆ ಪಸೆ ಹಿಡಿದಿದೆ ಅಂತ. ಮೇ ತಿಂಗಳಲ್ಲೊಮ್ಮೆ, ಬಾವಿ ನೀರು ಬಾಯಿಗೆ ಹಾಕಿ ನೋಡುವುದಕ್ಕೆ. ಉಪ್ಪಾಗಿದ್ದರೆ ಬಾಡಿಗೆದಾರ ನಿಲ್ಲುವುದಿಲ್ಲ. ತಾರಸಿ ಮನೆಯಾದರೆ ತಲೆಯೆತ್ತಿ ನೋಡಿ: ಉಪ್ಪುಗಾಳಿಗೆ ಸರಳು ತುಕ್ಕು ಹಿಡಿದು ಸಿಮೆಂಟು ಉದುರುತ್ತಿದ್ದರೆ ಎಷ್ಟು ಅಗ್ಗವಾದರೂ ಬೇಡ. ಕಡಲಿಗೋ ಕಾಳಿ ನದಿಗೋ ಹತ್ತಿರವಿದ್ದರೆ ಸಿಆರ್‌ಝಡ್ (ಕಟ್ಟಡ ಕಟ್ಟುವುದಕ್ಕೆ ನಿರ್ಬಂಧವಿರುವ ಕರಾವಳಿ ವಲಯ) ಗೆರೆ ಎಲ್ಲಿದೆ ವಿಚಾರಿಸಿ. ಮೇಲೊಂದು ಕೋಣೆ ಏರಿಸುವ ಆಸೆ ಅಲ್ಲೇ ಮುರಿಯಬಹುದು.

ಇನ್ನು ನೌಕಾನೆಲೆಯ ಹೆಸರು ಕೇಳಿ ಮರುಳಾಗಬೇಡಿ, ಅವರಿಗೆ ಕ್ವಾರ್ಟರ್ಸ್ ಇವೆ. ಕೈಗಾದವರಿಗೂ ಮಲ್ಲಾಪುರದಲ್ಲಿ ಟೌನ್‌ಶಿಪ್ ಇದೆ. ನನ್ನ ಮನೆಗೆ ಬಂದವರೆಲ್ಲ ನರ್ಸುಗಳು, ವರ್ಗವಾಗಿ ಬಂದ ಬ್ಯಾಂಕಿನವರು. ವರ್ಗಾವಣೆ ಆಗುವುದು ಬೇಸಿಗೆ ಕೊನೆಗೆ. ಅಷ್ಟರೊಳಗೆ ಹಂಚು ಕೈಯಾಡಿಸಿ, ಸುಣ್ಣ ಹೊಡೆಸಿ, ಗೇಟಿಗೆ ಬೋರ್ಡು ತೂಗುಹಾಕಿರಬೇಕು.